ನಾಲ್ಕು ನಲವತ್ತಕ್ಕೆ ನಿಲ್ಲುವ ಕಂಪ್ಯೂಟರು

ದೀಪ ಇರಲಿ, ಆರಿಸಬೇಡಿ. ಇದು ಯಾರೋ ಕಂಡು ಇನ್ಯಾರಿಗೋ ಹೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಕೊನೆಯ ಭಾಗ ನಡೆದಾಗ ನಾನೂ ಆ ಮನೆಯಲ್ಲೇ ಇದ್ದೆ.

ಚಿಕ್ಕಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಒಂದು ರಾತ್ರಿ ಚಿಕ್ಕಮ್ಮನ ಜೊತೆ ಊಟ ಮಾಡಿ ಒಂಬತ್ತೂವರೆಗೆ ಹೊರಟೆ. ನನ್ನ ಮನೆ ಹಿಂದಿನ ಬೀದಿಯಲ್ಲಿದೆ. ಅವರ ಹಿತ್ತಲಿನ ಬಾವಿ ದಾಟಿದರೆ ನೂರು ಹೆಜ್ಜೆ. ಚಿಕ್ಕಮ್ಮನ ಮಗ, ನನ್ನ ತಮ್ಮ, ಟಾರ್ಚ್ ಹಿಡಿದು ಜೊತೆಗೆ ಬಂದ. ಅವನನ್ನು ನಾವೆಲ್ಲ ಸ್ಕ್ರೂ ಎಂದೇ ಕರೆಯುವುದು. ಆರನೇ ವಯಸ್ಸಿಗೇ ಗೋಡೆ ಗಡಿಯಾರ ಬಿಚ್ಚಿದವನು. ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಉಳಿದಿತ್ತು. "ಅದು ಗಡಿಯಾರದ್ದಲ್ಲ ಬಿಡಿ, ಇವನ ತಲೆಯದ್ದು" ಎಂದಿದ್ದರು ಚಿಕ್ಕಪ್ಪ.

ಬಾವಿಯ ಹತ್ತಿರ ಅವನು ನಿಂತುಬಿಟ್ಟ.

"ಅಕ್ಕ... ಮೋಟರ್ ಸದ್ದು ಕೇಳಿಸ್ತಾ?"

ಕಿವಿಗೊಟ್ಟೆ. ಒಂದು ಕಪ್ಪೆ, ವಟರ್... ವಟರ್. ರಾಟೆಯ ಸರಪಳಿ ಗಾಳಿಗೆ ಕಿಣ್ ಎಂದಿತು. ಅಷ್ಟೇ. ಬಾವಿಯ ಮೋಟರಿನ ತಂತಿಯನ್ನು ಚಿಕ್ಕಪ್ಪ ಹೋದ ಮೂರನೇ ದಿನವೇ ಕತ್ತರಿಸಿ, ತುದಿಗೆ ಕಪ್ಪು ಟೇಪು ಸುತ್ತಿದ್ದರು.

"ಇಲ್ಲವಲ್ಲೋ."

"ನನಗೆ ಕೇಳಿಸುತ್ತೆ." ದನಿ ತಗ್ಗಿಸಿದ. "ಇಲ್ಲಲ್ಲ... ಕಂಪ್ಯೂಟರ್ ಒಳಗೆ."

ಸ್ವಲ್ಪ ಹಿಂದಿನದನ್ನು ಹೇಳಬೇಕು. ಚಿಕ್ಕಪ್ಪ ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವರು. ಮನೆಯಲ್ಲಿ ಯಾವ ರಿಪೇರಿಗೂ ಮೊದಲು ಮೇನ್ ಬೋರ್ಡಿನಿಂದ ಪಿಂಗಾಣಿ ಫ್ಯೂಸನ್ನು ಕೀಳುವರು. ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವರು. ಫ್ಯೂಸಿನ ಜಾಗ ಖಾಲಿ ಕಂಡರೆ, ಅವರು ಎಲ್ಲೋ ತಂತಿ ಮುಟ್ಟಿದ್ದಾರೆ ಎಂದು ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು. "ಫ್ಯೂಸು ಜೇಬಲ್ಲಿದ್ರೆ ಜೀವ ಜೇಬಲ್ಲಿದ್ದ ಹಾಗೆ" ಎನ್ನುವರು. ಅಂಚು ಸೀಳಿದ್ದ ಆ ಫ್ಯೂಸಿಗೆ ತಂತಿ ಕಟ್ಟುವುದನ್ನು ನನಗೂ ಕಲಿಸಿದ್ದರು. ಅವರದು ಎಡಗೈ, ತಂತಿಯನ್ನು ಎಡಕ್ಕೆ ಸುತ್ತುತ್ತಿದ್ದರು.

ಸ್ಕ್ರೂ ಮನೆಯಲ್ಲೇ ಕೂತು ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡುತ್ತಾನೆ. ಕೆಲಸ ಬೇಗ ಆಗಲೆಂದು ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು, ಹೊಸ ರ‍್ಯಾಮ್ ಹಾಕಿದ. ಅದೇ ವಾರ ಎರಡು ಸಲ ಫ್ಯೂಸು ಸುಟ್ಟಿತು. ಚಿಕ್ಕಪ್ಪ ಬೇಡವೆಂದರೂ ಹಳೆಯ ಫ್ಯೂಸ್ ಬೋರ್ಡನ್ನು ತೆಗೆಸಿ ಗುಜರಿಯವನಿಗೆ ಕೊಟ್ಟ. ಮೇನ್ ಸ್ವಿಚ್ಚಾಗಿ ಆ ಜಾಗಕ್ಕೆ ಹೊಸ ಟ್ರಿಪ್ ಸ್ವಿಚ್ ಬಂತು. ಲೋಡು ಹೆಚ್ಚಾದರೆ ಅದು ತಾನೇ ಕೆಳಗೆ ಬೀಳುತ್ತದೆ. ಬೆರಳಲ್ಲಿ ಮೇಲೆ ತಳ್ಳಿದರಾಯಿತು.

ಎಂಟು ದಿನ ಎಲ್ಲ ಸರಿಯಾಗಿತ್ತು. ಒಂಬತ್ತನೇ ದಿನ ಚಿಕ್ಕಪ್ಪ ಬಾವಿಯ ಮೋಟರ್ ರಿಪೇರಿಗೆ ಕೂತವರು ಮತ್ತೆ ಏಳಲಿಲ್ಲ. ಐದು ಗಂಟೆಗೆ ಚಿಕ್ಕಮ್ಮ ಹೋಗಿ ನೋಡಿದರು. ಮೋಟರಿನ ಮುಚ್ಚಳ ತೆಗೆದಿತ್ತು. ಮೇನ್ ಸ್ವಿಚ್ ಆನ್ ಇತ್ತು. "ಅಪ್ಪ ಆಫ್ ಮಾಡೋದು ಮರೆತರೇನೋ" ಎಂದ ಸ್ಕ್ರೂ. ಊರೆಲ್ಲ ಅದನ್ನೇ ಹೇಳಿತು. ಅಷ್ಟು ಎಚ್ಚರದ ಮನುಷ್ಯ, ವಯಸ್ಸಾಯ್ತು ನೋಡಿ, ಮರೆತರು. ನಾನೂ ನಂಬಿದೆ.

ತಿಂಗಳು ಬಿಟ್ಟು ಅವನು ಮತ್ತೆ ಕೆಲಸ ಶುರು ಮಾಡಿದ ದಿನವೇ ಕಂಪ್ಯೂಟರು ಹ್ಯಾಂಗ್ ಆಯಿತು. ಪರದೆಯ ಮೇಲೆ ಬಾಣ ಅಲ್ಲಾಡದು. ನಗುತ್ತಿದ್ದ ಮದುಮಗಳು ಬಾಯಿ ತೆರೆದಂತೆಯೇ ನಿಂತಳು. ಸ್ಪೀಕರಿನಲ್ಲಿ ಮಾತು ಕತ್ತರಿಸಿ ಒಂದೇ ಸದ್ದು... ಹೂಂಂಂಂ... ನೀರೆಳೆಯುವ ಮೋಟರಿನ ಹಾಗೆ. ಅಂದಿನಿಂದ ದಿನಕ್ಕೊಂದು ಸಲ ತಪ್ಪದೆ ಆಗುತ್ತಿತ್ತು.

ಆ ರಾತ್ರಿ ಬಾವಿಯ ಬಳಿ ಅವನು ಇದನ್ನೆಲ್ಲ ಹೇಳಿದ. ಮಾರನೇ ದಿನ ಶಾಲೆಯಿಂದ ಒಂದು ನೋಟ್‌ಬುಕ್, ಪೆನ್ಸಿಲ್, ರಬ್ಬರ್ ತಂದುಕೊಟ್ಟೆ. ನಾಲ್ಕು ಕಾಲಂ ಗೆರೆ ಹಾಕಿದ್ದೆ: ದಿನ, ಗಂಟೆ, ಏನು ಬದಲಿಸಿದೆ, ಏನಾಯಿತು.

"ದಿನಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯ್ತು ಗೊತ್ತಾಗಲ್ಲ."

"ಆಯ್ತು ಟೀಚರ್" ಎಂದ. ಎರಡು ತಿಂಗಳಲ್ಲಿ ಅವನು ನಕ್ಕಿದ್ದು ಅದೊಂದೇ ಸಲ.

ಹೊಸ ರ‍್ಯಾಮ್ ತೆಗೆದ. ಹ್ಯಾಂಗ್. ಹಳೆಯದರ ಹಿತ್ತಾಳೆ ಬಣ್ಣದ ಅಂಚನ್ನು ನನ್ನ ರಬ್ಬರಿನಿಂದಲೇ ಉಜ್ಜಿ ಕೂರಿಸಿದ. ಹ್ಯಾಂಗ್. ಹೊಸ ಕಾರ್ಡ್ ಕಿತ್ತು ಹಳೆಯದು ಹಾಕಿದ. ಹ್ಯಾಂಗ್. ಈಗ ಒಳಗೆ ಹೊಸದೆಂಬುದು ಒಂದೂ ಇರಲಿಲ್ಲ. ಅಂಗಡಿಗೆ ಒಯ್ದ. ಅಲ್ಲಿ ಮೂರು ದಿನ ಹಗಲು ರಾತ್ರಿ ಓಡಿತು, ಒಮ್ಮೆಯೂ ನಿಲ್ಲಲಿಲ್ಲ. "ನನ್ನ ಹತ್ರ ಬಂದ್ರೆ ಒಳ್ಳೆ ಮಗು ಸಾರ್. ತಕರಾರು ನಿಮ್ಮ ಮನೇಲೇ ಇರಬೇಕು" ಎಂದು ನಕ್ಕನಂತೆ ಅಂಗಡಿಯವನು. ಮನೆಗೆ ತಂದ ದಿನವೇ ಮತ್ತೆ ಹ್ಯಾಂಗ್. ಕೊನೆಗೆ ಗೋಡೆಯ ಪ್ಲಗ್ಗಿಗೆ ಮೀಟರ್ ಚುಚ್ಚಿ ಕಾದ. ಇನ್ನೂರ ಇಪ್ಪತ್ತೆಂಟು ಇದ್ದ ವೋಲ್ಟೇಜು ಒಮ್ಮೆಲೇ ನೂರ ಎಂಬತ್ತಕ್ಕೆ ಇಳಿಯಿತು. ಅದೇ ಕ್ಷಣ ಹ್ಯಾಂಗ್.

"ಮನೆ ಲೈನಲ್ಲಿ ದೊಡ್ಡ ಮೋಟರ್ ಶುರುವಾದ್ರೆ ಹೀಗಾಗುತ್ತೆ ಅಕ್ಕ" ಎಂದ. ಆ ಮನೆಯ ಲೈನಿನಲ್ಲಿ ಅಂಥದ್ದು ಇದ್ದದ್ದು ಒಂದೇ, ಬಾವಿಯ ಮೋಟರು.

ಆ ಭಾನುವಾರ ಮಧ್ಯಾಹ್ನ ನೋಟ್‌ಬುಕ್ ಕೇಳಿ ಪಡೆದೆ. ಪಕ್ಕದಲ್ಲಿ ಚಿಕ್ಕಮ್ಮ ಚಿಕ್ಕಪ್ಪನ ಕೆಲಸದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಪ್ರತಿ ಭಾನುವಾರ ಒಗೆದು, ಇಸ್ತ್ರಿ ಹಾಕಿ, ಮೇನ್ ಬೋರ್ಡಿನ ಪಕ್ಕದ ಮೊಳೆಗೆ ನೇತುಹಾಕುವುದನ್ನು ಅವರು ಬಿಟ್ಟಿರಲಿಲ್ಲ. ಅಂದು ಜೇಬಿನ ಮೇಲೆ ಇಸ್ತ್ರಿ ಎರಡು ಸಲ ಹೋದದ್ದನ್ನು ನಾನು ಕಂಡಿದ್ದೇನೆ.

ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಾಲು. ಮೂರು ಕಾಲಂ ಅಚ್ಚುಕಟ್ಟು. ಗಂಟೆಯ ಕಾಲಂನಲ್ಲಿ ಮಾತ್ರ "ಸಂಜೆ", "ಸಂಜೆ" ಎಂದಷ್ಟೇ. ಕಾಗದ ಅಲ್ಲಿ ಒರಟಾಗಿತ್ತು. ಮಕ್ಕಳು ಅಳಿಸಿ ಬರೆದ ಉತ್ತರವನ್ನು ಓದುವುದು ನನಗೆ ಇಪ್ಪತ್ತು ವರ್ಷದ ಅಭ್ಯಾಸ. ಕಿಟಕಿಯ ಬೆಳಕಿಗೆ ಹಾಳೆಯನ್ನು ಓರೆಯಾಗಿ ಹಿಡಿದೆ. 4.40. ಅದರ ಕೆಳಗೆ 4.40. ಹನ್ನೊಂದು ಸಲವೂ.

ಅವನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ.

"ಯಾಕೋ ಅಳಿಸಿದೆ?"

ಅವನು ಕುರ್ಚಿಯನ್ನು ಪರದೆಯ ಕಡೆಗೆ ತಿರುಗಿಸಿಕೊಂಡ.

"ನಾಲ್ಕು ನಲವತ್ತು ಅಂದ್ರೆ ಏನು?"

ಅವನು ಕೀಬೋರ್ಡನ್ನೇ ನೋಡುತ್ತಿದ್ದ. "ಅಪ್ಪ ಹೋಗಿದ್ದು ಐದಕ್ಕೆ ಅಂತಾರಲ್ಲ... ಐದಕ್ಕೆ ಅಮ್ಮ ನೋಡಿದ್ದು. ಅವತ್ತು ಕೆಲಸದ ಮಧ್ಯೆ ಕರೆಂಟ್ ಹೋಯ್ತು. ಹೋಗಿ ನೋಡಿದೆ, ಸ್ವಿಚ್ ಕೆಳಗಿತ್ತು. ಟ್ರಿಪ್ ಆಗಿದೆ ಅಂದ್ಕೊಂಡೆ... ಮೇಲೆ ತಳ್ಳಿದೆ ಅಕ್ಕ. ಕಂಪ್ಯೂಟರ್ ಮತ್ತೆ ಹೊತ್ತಿಕೊಂಡಾಗ ಪರದೆ ಮೂಲೇಲಿ ಗಂಟೆ ನಾಲ್ಕು ನಲವತ್ತು ಅಂತಿತ್ತು. ಹಳೇ ಫ್ಯೂಸ್ ಆಗಿದ್ರೆ... ಜಾಗ ಖಾಲಿ ಇರ್ತಿತ್ತು. ಗೊತ್ತಾಗ್ತಿತ್ತು."

ನೋಟ್‌ಬುಕ್ಕನ್ನು ಮುಚ್ಚಿ ಅವನ ಮುಂದಿಟ್ಟೆ.

"ಅಮ್ಮನಿಗೆ ಹೇಳು."

"ಹೇಗೆ ಹೇಳಲಿ?"

"ನನಗೆ ಹೇಳಿದ ಹಾಗೇ."

ಚಿಕ್ಕಮ್ಮ ಅಡುಗೆಮನೆಯಲ್ಲಿದ್ದರು. ಅವನು ಬಾಗಿಲಲ್ಲೇ ನೆಲಕ್ಕೆ ಕೂತು ಹೇಳಿದ. ನಲ್ಲಿಯಿಂದ ನೀರು ತೊಟ್... ತೊಟ್... ಎನ್ನುತ್ತಿತ್ತು. ಅವರು ತಿರುಗಲಿಲ್ಲ.

"ಅಂದ್ರೆ... ಅವರು ಮರೆತಿರಲಿಲ್ಲ?"

"ಇಲ್ಲಮ್ಮ. ಆಫ್ ಮಾಡೇ ಹೋಗಿದ್ರು."

"ಅವತ್ತು ಅವರ ತಲೆ ಹತ್ರ ಕೂತು ಬೈದೆ ಕಣೋ." ದನಿ ಸಣ್ಣದಾಗಿತ್ತು. "ಯಾಕ್ರೀ ಮರೆತ್ರಿ, ಯಾಕ್ರೀ ಮರೆತ್ರಿ ಅಂತ... ಎಲ್ಲರ ಎದುರಿಗೆ."

ಅವರು ಮಗನ ತಲೆ ಮುಟ್ಟಲಿಲ್ಲ. ದೂರವೂ ತಳ್ಳಲಿಲ್ಲ.

ಆಗ ಪಡಸಾಲೆಯಲ್ಲಿ ಸದ್ದಾಯಿತು. ಟಕ್.

ಫ್ರಿಜ್ಜು ಗರ್ ಎಂದು ನಡುಗಿ ಸುಮ್ಮನಾಯಿತು. ಫ್ಯಾನು ನಿಧಾನವಾಯಿತು... ಫಟ್... ಫಟ್... ನಿಂತಿತು. ನನ್ನ ಕೈಗಡಿಯಾರದಲ್ಲಿ ನಾಲ್ಕು ನಲವತ್ತು. ಮೂವರೂ ಹೋಗಿ ನೋಡಿದೆವು. ಮೇನ್ ಸ್ವಿಚ್ ಕೆಳಗಿತ್ತು. ಅಭ್ಯಾಸದಿಂದ ಸ್ಕ್ರೂವಿನ ಕೈ ಮೇಲೆದ್ದಿತು. ಚಿಕ್ಕಮ್ಮ ಅವನ ಮಣಿಕಟ್ಟು ಹಿಡಿದರು.

"ಮುಟ್ಟಬೇಡ" ಎಂದು ಪಿಸುಗುಟ್ಟಿದರು. "ಕೆಲಸ ಮಾಡ್ತಿದ್ದಾರೆ."

ಕೂತೆವು. ಹಿತ್ತಲಿನಿಂದ ಕಬ್ಬಿಣಕ್ಕೆ ಸ್ಪ್ಯಾನರ್ ತಾಗಿದ ಸದ್ದು... ಠಣ್. ಬಿಟ್ಟು ಮತ್ತೊಮ್ಮೆ... ಠಣ್. ಆಮೇಲೆ ಮುಚ್ಚಳ ಕೂತ ಸದ್ದು. ಹೋಗಿ ನೋಡುವ ಧೈರ್ಯ ನನಗಿರಲಿಲ್ಲ, ಇತ್ತೆಂದು ಹೇಳಲಾರೆ.

ಐದು ಗಂಟೆ ಐದು ನಿಮಿಷಕ್ಕೆ ನಮ್ಮ ಕಣ್ಣೆದುರೇ ಸ್ವಿಚ್ಚು ಮೇಲೆದ್ದಿತು. ಟಕ್.

"ಅಕ್ಕ," ಎಂದ ಸ್ಕ್ರೂ, ಉಸಿರಿನಲ್ಲೇ. "ಇದು ತಾನಾಗಿ ಬೀಳುತ್ತೆ... ತಾನಾಗಿ ಏಳಲ್ಲ."

ಕಂಪ್ಯೂಟರು ಆ ದಿನದಿಂದ ಒಮ್ಮೆಯೂ ಹ್ಯಾಂಗ್ ಆಗಿಲ್ಲ. ಚಿಕ್ಕಮ್ಮ ಈಗ ಯಾರು ಕೇಳಿದರೂ "ಅವರು ಆಫ್ ಮಾಡೇ ಹೋಗಿದ್ರು" ಎನ್ನುತ್ತಾರೆ. ಮಗನೂ ಪಕ್ಕದಲ್ಲಿ ನಿಂತು ಉಳಿದದ್ದನ್ನು ತಾನೇ ಹೇಳುತ್ತಾನೆ.

ಇನ್ನೊಂದು ಇದೆ. ಅಂದು ಎದ್ದು ಹೊರಡುವಾಗ ಮೊಳೆಯಲ್ಲಿದ್ದ ಅಂಗಿ ಕಣ್ಣಿಗೆ ಬಿತ್ತು. ಜೇಬು ಜೋತು ಬಿದ್ದಿತ್ತು. ಕೈ ಹಾಕಿದೆ. ಗುಜರಿಗೆ ಹೋಗಿದ್ದ ಪಿಂಗಾಣಿ ಫ್ಯೂಸು. ಅಂಚಿನಲ್ಲಿ ಅದೇ ಹಳೆಯ ಸೀಳು. ಹೊಸ ತಂತಿ ಕಟ್ಟಿತ್ತು, ಎಡಕ್ಕೆ ಸುತ್ತಿ. ಕತ್ತರಿಸಿದ ತುದಿ ನನ್ನ ಹೆಬ್ಬೆರಳಿಗೆ ಚುಚ್ಚಿತು.

ನಿಮ್ಮನ್ನು ನಂಬಿಸಲು ನಾನು ಸುಳ್ಳು ಹೇಳುವುದಿಲ್ಲ. ನೋಡಿ, ಈಗ ಬೆರಳಲ್ಲಿ ಯಾವ ಗುರುತೂ ಉಳಿದಿಲ್ಲ. ಆದರೆ ಚುಚ್ಚಿದ್ದು ನಿಜ. ಫ್ಯೂಸು ಬೆಚ್ಚಗಿತ್ತು.