ತೊಳೆದಿಟ್ಟ ಮಾಸು

ಎಲ್ಲರ ಊಟ ಆಯ್ತಲ್ಲ? ಹಾಗಾದರೆ ಹೇಳ್ತೀನಿ. ನನ್ನ ದೊಡ್ಡಪ್ಪನ ಮಗಳು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ನಾವು ಅಕ್ಕ ಅಂತೀವಿ. ಮಗು ಹುಟ್ಟಿದ ಮೇಲೆ ಮಾಸು ಬೀಳುತ್ತಲ್ಲ, ಅದನ್ನ ಬೇಸಿನ್‌ನಲ್ಲಿ ತೊಳೆದು, ನರ್ಸಮ್ಮನಿಗೆ ತೋರಿಸಿ, ಆಮೇಲೆ ಹಿತ್ತಲಿನ ಗುಂಡಿಗೆ ಹಾಕೋದು ಅವಳ ಕೆಲಸ.

ಒಂದಿನ ಏಳನೇ ಹಾಸಿಗೆಯವಳಿಗೆ ಹೆರಿಗೆ ಆಯ್ತು. ಮಗು ಅಂಗೈಯಗಲ, ಉಳಿಯಲಿಲ್ಲ. ಮಾಸು ನೋಡಿದರೆ... ಥೂ. ಕೆಂಪಗಿರಬೇಕಾದ್ದು ಕರ್ರಗೆ, ಬಾಣಲೆ ತಳದ ಹಳೇ ಜಿಡ್ಡಿನ ಹಾಗೆ. ಅಕ್ಕನೂ ಆಗ ಆರು ತಿಂಗಳ ಬಸುರಿ. ಮೂಗು ಮುಚ್ಕೊಂಡು, ತೊಳೆಯದೆ, ಯಾರಿಗೂ ತೋರಿಸದೆ ಗುಂಡಿಗೆ ಸುರಿದುಬಿಟ್ಟಳು. ನರ್ಸಮ್ಮ ಕೇಳಿದ್ದಕ್ಕೆ "ಸರಿಯಾಗಿತ್ತು" ಅಂದಳು. ಮೈಯಲ್ಲಿ ರಕ್ತವೇ ಇರದ ಆ ಬಾಣಂತಿ ಮೂರನೇ ದಿನ ಜ್ವರ ಏರಿ ಸತ್ತಳು.

ಆ ರಾತ್ರಿ ಪಾಳಿ ಮುಗಿಸಿ ಅಕ್ಕ ಹಿಂದಿನ ಗೇಟಿನಿಂದ ಹೊರಟಳು. ಅಲ್ಲೊಂದು ಪಾಳು ಬಾವಿ. ಪಚ್... ಪಚ್... ಬಟ್ಟೆ ಒಗೆಯೋ ಸದ್ದಲ್ಲ. ಅದಕ್ಕಿಂತ ಮೆತ್ತಗೆ, ಅಂಟಂಟಾಗಿ. ಬಾವಿಕಟ್ಟೆ ಮೇಲೆ ಹೆಂಗಸೊಬ್ಬಳು ಬಗ್ಗಿ ಏನೋ ಉಜ್ತಿದ್ದಾಳೆ. ಕೊಳೆತ ನಾತ. ಮಣಿಕಟ್ಟಲ್ಲಿ ಆಸ್ಪತ್ರೆ ಪಟ್ಟಿ... ಏಳು.

"ಕಪ್ಪು ಹೋಗ್ತಿಲ್ಲ ಕಣಕ್ಕಾ," ಅಂದಳು, ಪಿಸುದನಿಯಲ್ಲಿ.

ತಲೆ ಎತ್ತದೆ ಅವಳೇ ಮತ್ತೆ ಕೇಳಿದಳು.

"ನಿಂಗೂ ಜ್ವರ ಬಂದು ಹೋಗ್ತಿದೆಯಲ್ವಾ?"

"ಹೂಂ... ಬೆರಳು ಚುಚ್ಚಿ ನೋಡಿದ್ರು. ಏನಿಲ್ಲ ಅಂದ್ರು."

"ನಂಗೂ ಹಾಗೇ ಅಂದ್ರು. ಅಲ್ಲಿ ಸಿಗಲ್ಲ. ಇಲ್ಲಿ ಅವಿತ್ಕೊಂಡಿರುತ್ತೆ."

ಕೈಯಲ್ಲಿದ್ದ ಮುದ್ದೆಯನ್ನ ಎತ್ತಿ ಹಿಂಡಿದಳು. ಪಿಚಕ್... ಕರೀ ರಸ ಅಕ್ಕನ ಪಾದದ ಮೇಲೆ ಬಿತ್ತು. ಬೆಚ್ಚಗಿತ್ತಂತೆ.

ಮನೆ ಸೇರಿದ್ದು ಹೇಗೋ ಅವಳಿಗೇ ಗೊತ್ತಿಲ್ಲ. ಬೆಳಿಗ್ಗೆ ಡಾಕ್ಟರಮ್ಮನ ಎದುರು ನಿಂತು, ಸುಳ್ಳು ಹೇಳಿದ್ದನ್ನೆಲ್ಲ ಒಪ್ಪಿಕೊಂಡು, ತನಗೂ ಜ್ವರ ಬಂದು ಹೋಗ್ತಿರೋದನ್ನ ಹೇಳಿ, ಹೊಟ್ಟೆ ತುಂಬ ಬೈಸಿಕೊಂಡಳು. ಅವರು ತೋಳಿನಿಂದ ರಕ್ತ ತೆಗೆಸಿ ಪರೀಕ್ಷೆಗೆ ದೊಡ್ಡಾಸ್ಪತ್ರೆಗೆ ಕಳಿಸಿದರು. ಮಲೇರಿಯಾ. ಅದರ ಕ್ರಿಮಿ ಮಾಸಿಗೆ ಅಂಟಿಕೊಂಡು ಕೂತರೆ ಬೆರಳಿನ ರಕ್ತದಲ್ಲಿ ಎಷ್ಟೋ ಸಲ ಕಾಣಲ್ಲವಂತೆ. ಅಲ್ಲೇ ಕೂತು ಮಗುವಿಗೆ ಹೋಗೋ ಅನ್ನ, ಉಸಿರು ಎರಡಕ್ಕೂ ಅಡ್ಡಗಾಲು ಹಾಕುತ್ತೆ. ಹೇಸಿಗೆ ಜಾತಿ! ನೆನೆಸಿಕೊಂಡರೆ ಈಗಲೂ ನಂಗೆ ಮೈ ಜುಮ್ಮೆನ್ನುತ್ತೆ. ಅಕ್ಕನಿಗೆ ಮಾತ್ರೆ ನುಂಗಿಸಿದರು.

ಮೂರು ತಿಂಗಳಿಗೆ ಅದೇ ಆಸ್ಪತ್ರೆಯಲ್ಲಿ ಹೆರಿಗೆ. ಜೊತೆಗೆ ನಾನಿದ್ದೆ. ಹೆಣ್ಣುಮಗು, ಸಣ್ಣದು, ಆದರೆ ಗಂಟಲು ಗಟ್ಟಿ. ಹೊಸ ಆಯಾ ಮಾಸಿನ ಬೇಸಿನ್ ಎತ್ತಿದಾಗ ಅಕ್ಕ ಮಲಗಿದ್ದಲ್ಲಿಂದಲೇ, "ತೊಳೆದು ತೋರಿಸಮ್ಮ," ಅಂದಳು.

"ಎಲ್ಲಿ ತೊಳೀಲಿ? ಬೆಳಿಗ್ಗೆಯಿಂದ ನಲ್ಲೀಲಿ ನೀರಿಲ್ಲ," ಅಂತ ಗೊಣಗಿ, ಬೇಸಿನ್ ಅನ್ನ ಬಾಗಿಲ ಹೊರಗಿಟ್ಟು ನರ್ಸಮ್ಮನ್ನ ಕರೆಯೋಕೆ ಹೋದಳು. ಇಬ್ಬರೂ ಬಂದು ನೋಡಿದರೆ, ಯಾರೋ ಶುಭ್ರವಾಗಿ ತೊಳೆದಿಟ್ಟಿದ್ದರು. ಅಲ್ಲಲ್ಲಿ ಕಪ್ಪು ಕಲೆ, ಉಳಿದದ್ದೆಲ್ಲ ಕೆಂಪು.

ನಂಬೋದು ಬಿಡೋದು ನಿಮಗೆ ಸೇರಿದ್ದು. ಆ ಬೇಸಿನ್ ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ತಳದಲ್ಲಿ ಬಾವಿಯ ಪಾಚಿ ಇತ್ತು.