ಕನಿಷ್ಠ ಹದಿನಾರು ಜನ

ಈ ಸಭೆಯ ಅಧ್ಯಕ್ಷರೂ ನಮ್ಮ ಪ್ರವಾಸ ಕಂಪನಿಯ ಮಾಲೀಕರೂ ಆದ ಶ್ರೀ ಅಂಗ್ ಅವರೇ, ಕಡಲು ಕಾಯುವ ಮಾಜು ತಾಯಿಯ ದೇವಸ್ಥಾನ ಸಮಿತಿಯ ಹಿರಿಯರೇ, ನನ್ನ ಬೈಗುಳವನ್ನು ಹಾಡಿನ ಹಾಗೆ ಕೇಳಿಸಿಕೊಂಡು ಬಸ್ಸು ಓಡಿಸಿದ ಚಾಲಕ ಮಿತ್ರರೇ, ಮೂವತ್ತು ವರ್ಷ ನನ್ನ ಹಿಂದಿನ ಸೀಟುಗಳಲ್ಲಿ ಗೊರಕೆ ಹೊಡೆದ ಲುಕಾಂಗ್ ಪಟ್ಟಣದ ಮಹಾಜನರೇ, ಸಭಿಕರೇ,

ನನ್ನ ನಿವೃತ್ತಿಗೆಂದು ಇಷ್ಟೊಂದು ಮೇಜು ಹಾಕಿಸಿ, ಎದೆಗೆ ಕೆಂಪು ರಿಬ್ಬನ್ನಿನ ಹೂವು ಚುಚ್ಚಿ, ನಾನೇನೋ ದೊಡ್ಡ ಮನುಷ್ಯಳು ಎನ್ನುವ ಹಾಗೆ ಇಲ್ಲಿ ನಿಲ್ಲಿಸಿದ್ದೀರಿ. ಅಂಗ್ ಅವರು ಮಾತಾಡಲು ವಿಷಯವನ್ನೂ ಕೊಟ್ಟಿದ್ದಾರೆ. ‘ವಿದೇಶಕ್ಕೆ ಹೋಗುವಾಗ ಗುಂಪು ಪ್ರವಾಸ ಮೇಲೋ, ಖಾಸಗಿ ಪ್ರವಾಸ ಮೇಲೋ?’ ಹತ್ತು ನಿಮಿಷ ಸಾಕು ಅಂದಿದ್ದಾರೆ. ಸೀ ಮನೆತನದ ಹೆಣ್ಣಿನ ಕೈಗೆ ಮೈಕು ಕೊಟ್ಟು ಹತ್ತು ನಿಮಿಷ ಅನ್ನುವವರ ಧೈರ್ಯವನ್ನು ಮೆಚ್ಚಬೇಕು. ನಮ್ಮೂರಿನ ಮೂರು ಮನೆತನಗಳ ಹೆಣ್ಣುಮಕ್ಕಳ ಬಗ್ಗೆ ಗಾದೆ ಏನು ಹೇಳುತ್ತದೆ? ‘ಸೀ, ಅಂಗ್, ಖೋ, ತಂದ್ಕೊಂಡ್ಮೇಲೆ ಅನುಭವಿಸ್ಕೋ.’ ಅಧ್ಯಕ್ಷರೇ, ನಿಮ್ಮ ತಂಗಿಯರೂ ಅದೇ ಗಾದೆಯಲ್ಲಿದ್ದಾರೆ, ಹೆಚ್ಚು ನಗಬೇಡಿ.

ಇದು ಬರೀ ಭಾಷಣದ ವಿಷಯವಾಗಿದ್ದರೆ ನಾನು ನಾಲ್ಕು ಮಾತಾಡಿ ಊಟಕ್ಕೆ ಕೂರುತ್ತಿದ್ದೆ. ಆದರೆ ನನಗೊಬ್ಬಳು ಗೆಳತಿ ಇದ್ದಾಳೆ. ಅವಳಿಗೆ ಇದು ಈಗ ಬದುಕಿನ ಪ್ರಶ್ನೆಯಾಗಿ ಕೂತಿದೆ. ನನ್ನ ಹಾಗೇ ವಿಧವೆ, ನನ್ನಷ್ಟೇ ವಯಸ್ಸು. ಸಜ್ಜನರೊಬ್ಬರು ಬಂದು ಜಪಾನಿಗೆ ಹೋಗೋಣ, ಇಬ್ಬರೇ, ಅಂತ ಕೇಳಿದ್ದಾರೆ. ನಾಳೆಯೊಳಗೆ ಹೂಂ ಅನ್ನಬೇಕು, ಇಲ್ಲ ಉಹೂಂ ಅನ್ನಬೇಕು. ಅವಳ ಹೆಸರು ಹೇಳುವುದಿಲ್ಲ. ನಿಮಗೆ ಗೊತ್ತಿಲ್ಲದವಳು, ಬೇರೆ ಊರಿನವಳು.

ಮೊದಲು ಗುಂಪು ಪ್ರವಾಸದ ಗುಣಗಾನ ಮಾಡುತ್ತೇನೆ, ಅದರ ಅನ್ನ ತಿಂದವಳು ನಾನು. ನಮ್ಮನ್ನು ಆಡಿಕೊಳ್ಳುವವರು ಏನನ್ನುತ್ತಾರೆ? ‘ಹತ್ತಿದರೆ ನಿದ್ದೆ, ಇಳಿದರೆ ಒಂದಕ್ಕೆ, ನಿಂತರೆ ಫೋಟೊ, ಮನೆಗೆ ಬಂದು ಕೇಳಿದರೆ ಏನೂ ನೆನಪಿಲ್ಲ.’ ಸುಳ್ಳೇ? ಸುಳ್ಳಲ್ಲ. ಪ್ಯಾರಿಸ್ಸಿನಲ್ಲಿ ನೀವು ಪೆಟ್ಟಿಗೆಯಿಂದ ಖಾರದ ಸೀಸೆ ತೆಗೆದದ್ದು ಸುಳ್ಳೇ? ಹೋಟೆಲಿನ ಬೆಳಗಿನ ತಿಂಡಿಯ ಬೇಯಿಸಿದ ಮೊಟ್ಟೆಗಳು ಮಧ್ಯಾಹ್ನ ಬಸ್ಸಿನ ಕೊನೇ ಸೀಟಿನಲ್ಲಿ ಪ್ರತ್ಯಕ್ಷವಾದದ್ದು ಸುಳ್ಳೇ? ಆದರೆ ಸಭಿಕರೇ, ಒಸಾಕಾದ ರೈಲು ನಿಲ್ದಾಣದಲ್ಲಿ ನಮ್ಮ ಗುಂಪಿನ ಅಜ್ಜಿಯೊಬ್ಬರು ಕಳೆದುಹೋದರು. ಸಮುದ್ರದಂಥ ನಿಲ್ದಾಣ ಅದು. ನಾನು ಎದೆ ಬಡಿದುಕೊಂಡು ಹುಡುಕಿದರೆ, ಅಜ್ಜಿ ಒಂದು ಕಂಬಕ್ಕೆ ಒರಗಿ ಕಿತ್ತಳೆ ಸುಲಿಯುತ್ತ ಕೂತಿದ್ದರು. ಹೆದರಿಕೆ ಆಗಲಿಲ್ವಾ ಅಂದೆ. ‘ಯಾಕೆ ಹೆದರಲಿ? ನನಗೆ ದಾರಿ ಗೊತ್ತಿಲ್ಲ ಅಂತ ನಿನಗೆ ಗೊತ್ತಲ್ಲ’ ಅಂದರು. ಅರ್ಧ ಕಿತ್ತಳೆಯನ್ನು ನನಗೂ ಕೊಟ್ಟರು. ಇಂಥ ನಿಶ್ಚಿಂತೆ ಖಾಸಗಿ ಪ್ರವಾಸದಲ್ಲಿ ಸಿಗುತ್ತದೆಯೇ? ಖಂಡಿತ ಇಲ್ಲ.

ಗುಂಪಿನಲ್ಲಿ ಇನ್ನೊಂದು ಅನುಕೂಲವಿದೆ, ಅದನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ. ನನ್ನ ಯಜಮಾನರು ತೀರಿಕೊಂಡಾಗ ಮಗಳು ಪೇ-ಶಾನ್ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಒಳ್ಳೆಯ ಮನುಷ್ಯ ಅವರು, ನನ್ನ ಬಾಯಿಗೆ ಹೆದರದ ಒಬ್ಬರೇ ಒಬ್ಬರು. ಮಾರನೇ ತಿಂಗಳೇ ನಾನು ನಲವತ್ತು ಜನರನ್ನು ಕಟ್ಟಿಕೊಂಡು ಬ್ಯಾಂಕಾಕಿಗೆ ಹೊರಟೆ. ಇವಳ ಕಣ್ಣಲ್ಲಿ ನೀರೇ ಇಲ್ಲವಲ್ಲ ಅಂತ ಊರು ಆಡಿಕೊಂಡಿತು. ಒಬ್ಬರಿಗೆ ಭೇದಿ, ಒಬ್ಬರ ಪಾಸ್‌ಪೋರ್ಟು ನಾಪತ್ತೆ, ಇಬ್ಬರು ಬೀಗಿತ್ತಿಯರ ನಡುವೆ ಕಿಟಕಿ ಸೀಟಿಗೆ ಜಗಳ. ಅಳುವುದಕ್ಕೆ ಪುರಸೊತ್ತೆಲ್ಲಿ? ಆಮೇಲೆ ಇಪ್ಪತ್ತೊಂದು ವರ್ಷ ನಾನು ಪುರಸೊತ್ತು ಮಾಡಿಕೊಳ್ಳಲೇ ಇಲ್ಲ. ಇದನ್ನೆಲ್ಲ ಹೇಳಬೇಕು ಅಂತ ಇರಲಿಲ್ಲ, ಬಾಯಿಗೆ ಬಂತು. ವಿಷಯಕ್ಕೆ ಬರುತ್ತೇನೆ.

ಖಾಸಗಿ ಪ್ರವಾಸ. ಇದರ ಅನುಭವ ನನಗೆ ಒಂದೇ ಒಂದು. ಹೋದ ವರ್ಷ ಮಗಳು ಪೇ-ಶಾನ್ ನನ್ನನ್ನು ಸೋಲ್‌ಗೆ ಕರೆದುಕೊಂಡು ಹೋದಳು. ‘ಅಮ್ಮಾ, ನೀನು ಏನೂ ಮಾಡ್ಬೇಡ, ಸುಮ್ನೆ ನನ್ನ ಜೊತೆ ಬಾ’ ಅಂದಳು. ಸುಮ್ಮನೆ ಬರುವುದು ಎಷ್ಟು ಕಷ್ಟ ಅಂತ ನನಗೆ ಆಗ ತಿಳಿಯಿತು. ಅವಳು ಫೋನು ನೋಡಿಕೊಂಡು ಓಣಿಯಿಂದ ಓಣಿಗೆ ನಡೆಸಿದಳು. ಒಂದು ಗಂಜಿಯ ಅಂಗಡಿ ಹುಡುಕಲು ಗುಡ್ಡ ಹತ್ತಿದೆವು, ಇಳಿದೆವು, ಮತ್ತೆ ಅದೇ ಗುಡ್ಡ ಹತ್ತಿದೆವು. ಇನ್ನೆಷ್ಟು ದೂರ ಅಂತ ನಾನು ಕೇಳಿದೆ. ಈ ಮಾತನ್ನು ಬಾಯಿ ಬಿಟ್ಟು ಕೇಳಿದ್ದಕ್ಕೆ ಬೈಸಿಕೊಂಡೆ. ಮೂವತ್ತು ವರ್ಷ ನಾನು ನಿಮ್ಮನ್ನೆಲ್ಲ ಬೈದದ್ದಕ್ಕೆ ಬಡ್ಡಿ ಸಮೇತ ಬಂತು ಅಂದುಕೊಳ್ಳಿ.

ಎರಡನೇ ದಿನ ಅವಳು ರಸ್ತೆಯಲ್ಲಿ ನಿಂತುಬಿಟ್ಟಳು. ಯಾಕಮ್ಮ ಘಳಿಗೆಗೊಂದು ಸಲ ಹಿಂದೆ ತಿರುಗಿ ನೋಡ್ತೀಯ, ಯಾರಾದರೂ ಬರ್ತಿದಾರಾ ಅಂತ ಕೇಳಿದಳು. ಎಣಿಸ್ತಿದೀನಿ ಅಂದೆ.

‘ಯಾರನ್ನ? ಇರೋಳು ನಾನೊಬ್ಬಳು.’

‘ಒಂದು,’ ಅಂದೆ.

ಅವಳು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡು ನಡೆದಳು, ಗುಡ್ಡ ಇಳಿಯುವ ತನಕ ಬಿಡಲಿಲ್ಲ. ಗುಂಪಿನಲ್ಲಿ ನನ್ನ ಕೈ ಯಾರೂ ಹಿಡಿದದ್ದಿಲ್ಲ. ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ಮೈಕು, ಹಿಡಿಯುವುದಾದರೂ ಎಲ್ಲಿ?

ಇನ್ನೊಂದು ಮಾತು. ಫ್ಯೂಜಿ ಪರ್ವತ ಹೇಗಿದೆ ಅಂತ ಜನ ನನ್ನನ್ನು ಕೇಳುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವುದು ಫ್ಯೂಜಿಯನ್ನು ನೋಡುವ ನಿಮ್ಮ ಮುಖಗಳು. ಅಂಗ್ ಅವರ ತಾಯಿ ಫ್ಯೂಜಿಯನ್ನು ಕಂಡು ಬಾಯಿ ತೆರೆದು ನಿಂತದ್ದು, ಹಲ್ಲಿನ ಸೆಟ್ಟು ಜಾರಿದ್ದು, ಅದನ್ನು ನಾನು ನೆಲ ಮುಟ್ಟುವ ಮೊದಲೇ ಹಿಡಿದದ್ದು, ಇದೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಟ್ಟ ನನ್ನ ಬೆನ್ನ ಹಿಂದೆ ಇತ್ತು. ಪ್ರವಾಸ ನಡೆಸುವವರು ಹಿಮ್ಮುಖವಾಗಿ ನಡೆಯುತ್ತಾರೆ, ಜನರ ಕಡೆಗೆ ಮುಖ, ಜಗತ್ತಿನ ಕಡೆಗೆ ಬೆನ್ನು. ಊಟವೂ ಹಾಗೆಯೇ, ನಿಮ್ಮ ಮೇಜಿಗೆಲ್ಲ ಬಡಿಸಿದ್ದಾಯಿತೇ ಅಂತ ನೋಡಿ ಬರುವಷ್ಟರಲ್ಲಿ ನನ್ನ ಸೂಪಿನ ಮೇಲೆ ಕೆನೆ ಕಟ್ಟಿರುತ್ತಿತ್ತು. ದೂರು ಹೇಳುತ್ತಿಲ್ಲ. ಈ ಕೆಲಸವನ್ನು ನಾನು ಪ್ರೀತಿಸಿದೆ.

ಹೀಗಿರುವಾಗ ಒಂದು ಚಳಿಗಾಲ ಕನಜಾವಾಕ್ಕೆ ಹೋದ ಗುಂಪಿನಲ್ಲಿ ಶ್ರೀ ಲಿಯಾವ್ ಅವರು ಬಂದರು. ದೇವಸ್ಥಾನದ ಬೀದಿಯಲ್ಲಿ ಎತ್ತಿನ ನಾಲಿಗೆಯ ಆಕಾರದ ಬಿಸ್ಕತ್ತು ಮಾಡುವ ಲಿಯಾವ್ ಅವರನ್ನು ಅರಿಯದವರು ಇಲ್ಲಿ ಯಾರಿದ್ದಾರೆ? ಇಡೀ ಬಸ್ಸು ಹತ್ತಿ ಕೂತರೂ ಅವರೊಬ್ಬರ ಸೀಟು ಖಾಲಿ. ಹುಡುಕಿದರೆ ಮೂಲೆಯ ಅಂಗಡಿಯ ಮುಂದೆ ನಿಂತು, ಒಬ್ಬ ಮುದುಕ ಹಿಟ್ಟು ಲಟ್ಟಿಸುವುದನ್ನು ನೋಡುತ್ತಿದ್ದಾರೆ. ನಾನು ಸುಮ್ಮನಿರುವವಳೇ? ಹಿಮ ಕರಗುವ ಹಾಗೆ ಬೈದೆ. ನಲವತ್ತು ಜನ ನಿಮಗೋಸ್ಕರ ಕಾಯಬೇಕಾ, ಲಟ್ಟಣಿಗೆ ನೋಡೋಕೆ ಜಪಾನಿಗೆ ಬರಬೇಕಿತ್ತಾ, ನಿಮ್ಮ ಅಂಗಡೀಲಿ ಅದೊಂದು ಇಲ್ವಾ ಅಂತ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಾಗದದಲ್ಲಿ ಸುತ್ತಿದ ಬಿಸಿ ಬಿಸಿ ಬಿಸ್ಕತ್ತನ್ನು ನನ್ನ ಕೈಗಿಟ್ಟರು. ‘ಅವರೆಲ್ಲ ಆಗಲೇ ನಿದ್ದೆ ಹೋಗಿರ್ತಾರೆ. ಬಿಸಿ ಆರೋ ಮೊದಲು ತಿನ್ನಿ,’ ಅಂದರು. ತಿಂದೆ, ಅಲ್ಲೇ ನಿಂತು. ನಾಲಿಗೆ ಸುಟ್ಟಿತು.

ಆಮೇಲೆ ನೋಡಿ, ಲಿಯಾವ್ ಅವರಿಗೆ ಪ್ರವಾಸದ ಹುಚ್ಚೇ ಹಿಡಿಯಿತು. ಹನೋಯ್‌ಗೆ ಬಂದರು, ಬೂಸಾನ್‌ಗೆ ಬಂದರು, ಹೊಕ್ಕೈಡೊಗೂ ಬಂದರು. ಯಾವಾಗಲೂ ಚಾಲಕರ ಹಿಂದಿನ ಸೀಟು. ಏನನ್ನೂ ಹೆಚ್ಚು ನೋಡುತ್ತಿರಲಿಲ್ಲ, ಫೋಟೊ ತೆಗೆಯುತ್ತಿರಲಿಲ್ಲ. ಪಾಪ, ಹೆಂಡತಿ ಹೋದ ಮೇಲೆ ಮನೆಯಲ್ಲಿ ಹೊತ್ತು ಹೋಗುವುದಿಲ್ಲ, ಅದಕ್ಕೇ ದುಡ್ಡು ಸುರಿಯುತ್ತಿದ್ದಾರೆ ಅಂತ ನಾನು ತಿಳಿದೆ. ಚಾಲಕರಿಗೆಲ್ಲ ಮೊದಲೇ ಗೊತ್ತಿತ್ತಂತೆ. ಗೊತ್ತಿದ್ದೂ ಬಾಯಿ ಬಿಡಲಿಲ್ಲ ನೀವು, ಇರಲಿ, ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಈಗ ನನ್ನ ಗೆಳತಿಯ ಕಥೆ. ಬೇರೆ ಊರಿನವಳು ಅಂದೆನಲ್ಲ, ಅವಳದು. ಹೋದ ವಾರ ಆ ಸಜ್ಜನರು ಅವಳ ಮನೆ ಬಾಗಿಲಿಗೆ ಬಂದರು. ಹೊಸ ಅಂಗಿ, ನೀಟಾಗಿ ಬಾಚಿದ ತಲೆ, ಅದರಲ್ಲಿ ಇದ್ದಷ್ಟು ಕೂದಲು. ‘ನಾಲ್ಕು ಸಲ ನಲವತ್ತು ಜನರ ಜೊತೆ ಬಂದೆ. ಮಾರ್ಚಿನಲ್ಲಿ ಒಂದು ಸಲ ಇಬ್ಬರೇ ಹೋಗೋಣ್ವಾ?’ ಅಂತ ಕೇಳಿದರು. ಅರವತ್ತೆರಡು ವರ್ಷದ ಹೆಂಗಸಿಗೆ ಇಂಥ ಮಾತು ಕೇಳಿದರೆ ಏನಾಗಬೇಕು? ನಾಚಿಕೆಯಾಗಬೇಕು, ಇಲ್ಲ ಸಿಟ್ಟು ಬರಬೇಕು. ಇವಳ ಬಾಯಿಂದ ಬಂದದ್ದು ಕಂಪನಿಯ ನಿಯಮ. ‘ಹಾಗೆಲ್ಲ ಆಗಲ್ಲ. ಕನಿಷ್ಠ ಹದಿನಾರು ಜನ ಇಲ್ದೆ ಗುಂಪು ಹೊರಡಲ್ಲ,’ ಅಂದೆ.

ಅಂದಳು. ಅಂದಳು ನನ್ನ ಗೆಳತಿ. ಯಾಕೆ ನಗುತ್ತೀರಿ? ಹಿಂದಿನ ಮೇಜಿನವರೇ, ಚಪ್ಪಾಳೆ ತಟ್ಟುವಂಥದ್ದು ಏನಾಯಿತು? ಪೇ-ಶಾನ್, ನೀನೂ ನಗುತ್ತೀಯಾ?

ಸರಿ. ಅಂದೆ. ನಾನೇ ಅಂದೆ.

ಅವರು ತಲೆ ಕೆರೆದುಕೊಂಡು, ನಿಜವಾಗಿಯೂ ಲೆಕ್ಕ ಹಾಕಿದರು. ‘ಹಾಗಾದ್ರೆ ಹದಿನಾಲ್ಕು ಜನ ಕಡಿಮೆ ಬೀಳ್ತಾರೆ,’ ಅಂದರು. ಹೋಟೆಲಿನವರು ಸೋಮವಾರದ ತನಕ ಕಾಯುತ್ತಾರೆ ಅಂದರು. ಆಮೇಲೆ ನನ್ನ ಮುಖ ನೋಡದೆ, ಚಪ್ಪಲಿ ನೋಡಿಕೊಂಡು, ಕೋಣೆ ಒಂದು ಹೇಳಲೋ ಎರಡು ಹೇಳಲೋ, ನೀವು ಅಂದ ಹಾಗೆ ಅಂದರು. ನಾನು ಬಾಗಿಲು ಹಾಕಿಕೊಂಡೆ. ಸೀ ಮನೆತನದ ಹೆಣ್ಣು ಬೈಯದೆ ಬಾಗಿಲು ಹಾಕಿಕೊಂಡದ್ದು ಚರಿತ್ರೆಯಲ್ಲೇ ಮೊದಲು ಇರಬೇಕು.

ನನಗೆ ಭಯವಾಗಿತ್ತು, ಸಭಿಕರೇ. ಜನ ಏನಂದಾರು ಎನ್ನುವ ಭಯವಲ್ಲ. ನಿಮ್ಮ ಬಾಯಿಯನ್ನು ನಾನು ಬಲ್ಲೆ, ನನ್ನ ಬಾಯಿಯನ್ನು ನೀವು ಬಲ್ಲಿರಿ. ನಲವತ್ತು ಜನರ ನಡುವೆ ನಾನು ಸೀ ಅಕ್ಕ. ಒಬ್ಬರೇ ಒಬ್ಬರು ಪಕ್ಕದಲ್ಲಿದ್ದರೆ ನಾನು ಯಾರಾಗಿರಬೇಕು? ಯಾರನ್ನು ಬೈಯಬೇಕು, ಏನನ್ನು ನೋಡಬೇಕು, ಸುಮ್ಮನೆ ಇದ್ದಾಗ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕು? ಅವರೂ ಒಂದು ದಿನ ನನ್ನನ್ನು ಬಿಟ್ಟು ಹೋದರೆ ಆಗ ಎಷ್ಟು ಜನರನ್ನು ಕಟ್ಟಿಕೊಂಡು ಎಲ್ಲಿಗೆ ಓಡಲಿ?

ಅದಕ್ಕೇ ಮಾಜು ತಾಯಿಯನ್ನೇ ಕೇಳಿಬಿಡೋಣ ಅಂತ ದೇವಸ್ಥಾನಕ್ಕೆ ಹೋದೆ. ಹೆಸರು ಹೇಳಿದೆ, ವಿಳಾಸ ಹೇಳಿದೆ. ‘ತಾಯಿ, ಗುಂಪಿನಲ್ಲಿ ಹೋಗಲೋ, ಖಾಸಗಿಯಾಗಿ ಹೋಗಲೋ?’ ಅಂತ ಕೇಳಿ ಅರ್ಧಚಂದ್ರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಟ್ಟೆ. ಎರಡೂ ಚಪ್ಪಟೆ ಮುಖ ಮೇಲೆ ಮಾಡಿ ಬಿದ್ದವು. ಅಂದರೆ ತಾಯಿ ನಕ್ಕಳು, ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಬಿಟ್ಟೆ, ಇನ್ನೊಮ್ಮೆ ನಕ್ಕಳು. ಮತ್ತೊಮ್ಮೆ ಬಿಟ್ಟರೂ ನಗುವೇ. ಪಕ್ಕದಲ್ಲಿ ಊದುಬತ್ತಿ ಮಾರುವ ಕಿಮ್ ಅಜ್ಜಿಗೆ ತಡೆಯಲಾಗಲಿಲ್ಲ. ‘ಅದೋ ಇದೋ ಅಂತ ಕೇಳಿದ್ರೆ ತಾಯಿ ಏನಂತ ಹೇಳ್ಬೇಕೇ? ಅವಳೇನು ಟ್ರಾವೆಲ್ ಏಜೆನ್ಸಿ ಇಟ್ಕೊಂಡಿದಾಳಾ? ಹೂಂ, ಉಹೂಂ ಅನ್ನೋ ಹಾಗೆ ಕೇಳು. ಅವನ ಹೆಸರು ಹಿಡಿದು ಕೇಳು,’ ಅಂದಳು.

ಹೆಸರು ಹಿಡಿದು ಕೇಳಲು ನನಗೆ ಎಷ್ಟು ಹೊತ್ತು ಬೇಕಾಯಿತು ಅಂತ ಕೇಳಬೇಡಿ. ಕೇಳಿದೆ. ಒಂದು ತುಂಡು ಮೇಲ್ಮುಖ, ಒಂದು ಕೆಳಮುಖ. ತಾಯಿ ಹೂಂ ಅಂದಳು. ದೊಡ್ಡ ವಿಷಯಕ್ಕೆ ಮೂರು ಸಲ ಹೂಂ ಬರಬೇಕಲ್ಲವೇ? ಎರಡನೆಯ ಸಲವೂ ಬಂತು. ಮೂರನೆಯ ಸಲ ತುಂಡುಗಳನ್ನು ಕೈಯಲ್ಲಿ ಹಿಡಿದೆ, ಹಿಡಿದವಳು ಹಾಗೆಯೇ ತಾಯಿಯ ಮುಂದೆ ಇಟ್ಟು ಎದ್ದು ಬಂದೆ. ಎಲ್ಲವನ್ನೂ ದೇವರೇ ಹೇಳಿಬಿಟ್ಟರೆ ನನ್ನ ಪಾಲಿಗೆ ಹೇಳಲು ಏನುಳಿಯಿತು? ಮೂರನೆಯದನ್ನು ನಾನೇ ಹೇಳಬೇಕು ಅನ್ನಿಸಿತು.

ಅಧ್ಯಕ್ಷರೇ, ನೀವು ಕೊಟ್ಟ ವಿಷಯಕ್ಕೆ ನನ್ನ ತೀರ್ಪು ಇಷ್ಟು. ಯಾರ ಜೊತೆ ಹೋಗಬೇಕು ಅಂತ ಗೊತ್ತಿಲ್ಲದ ತನಕ ಗುಂಪಿನಲ್ಲಿ ಹೋಗಿ, ನಮ್ಮ ಕಂಪನಿಯಲ್ಲೇ ಹೋಗಿ. ಗೊತ್ತಾದ ಮೇಲೆ ಗುಂಪಿನ ಆಸೆ ಬಿಟ್ಟುಬಿಡಿ. ಇದರಿಂದ ಕಂಪನಿಗೆ ನಷ್ಟವಾದರೆ ನಾನು ಜವಾಬ್ದಾರಳಲ್ಲ, ಇವತ್ತಿಗೆ ನನ್ನ ಕೆಲಸ ಮುಗಿದಿದೆ.

ಲಿಯಾವ್ ಅವರೇ, ಮೀನಿನ ತಟ್ಟೆಯ ಹಿಂದೆ ಮುಖ ಮರೆಸಿಕೊಳ್ಳಬೇಡಿ, ಆ ಮೀನು ನಿಮ್ಮಷ್ಟು ಅಗಲ ಇಲ್ಲ. ಈ ಕಡೆ ನೋಡಿ. ಬರುತ್ತೇನೆ. ನಿಮ್ಮ ಜೊತೆ ಎಲ್ಲಿಗಾದರೂ ಬರುತ್ತೇನೆ, ನನಗೆ ತುಂಬ ಸಂತೋಷವಾಗಿದೆ, ಭಯವೂ ಆಗಿದೆ, ಎರಡನ್ನೂ ತರುತ್ತೇನೆ. ಹೋಟೆಲಿನವರಿಗೆ ನಾಳೆ ಬೆಳಿಗ್ಗೆಯೇ ಫೋನು ಮಾಡಿ. ಕೋಣೆ ಒಂದು ಸಾಕು.

ಸಾಕು, ಸಾಕು, ಬಟ್ಟಲು ಬಡಿಯಬೇಡಿ, ಒಡೆದರೆ ಬಾಡಿಗೆ ಕೊಟ್ಟ ಅಂಗಡಿಯವರು ನನ್ನನ್ನೇ ಹಿಡಿಯುತ್ತಾರೆ. ನನ್ನನ್ನು ನಂಬಿ, ನನ್ನಿಂದ ಬೈಸಿಕೊಂಡು, ಮೂವತ್ತು ವರ್ಷ ದೇಶ ದೇಶಗಳಲ್ಲಿ ನನ್ನ ಹಿಂದೆ ಹಿಂದೆ ಬಂದ ನಿಮ್ಮೆಲ್ಲರಿಗೂ ಹೃದಯ ತುಂಬಿ ವಂದಿಸುತ್ತೇನೆ. ಮಾರ್ಚಿನಲ್ಲಿ ಮಾತ್ರ ದಯವಿಟ್ಟು ಯಾರೂ ಹಿಂದೆ ಬರಬೇಡಿ.

ನಮಸ್ಕಾರ.