ಹೊರಗಿನ ಚಿಲಕ

ಮೆಲ್ಲಗೆ ಮಾತಾಡಿ. ಅಲ್ಲಿ ಬಾಗಿಲ ಹತ್ತಿರ ಮಲಗಿರೋರಿಗೆ ಎಚ್ಚರ ಆದ್ರೆ ನಾನು ಅಲ್ಲಿಗೇ ನಿಲ್ಲಿಸಿಬಿಡ್ತೀನಿ. ಆಮೇಲೆ ಅರ್ಧಂಬರ್ಧ ಹೇಳಿದೆ ಅಂತ ನನ್ನ ಬೈಬೇಡಿ.

ಇದು ನಮ್ಮ ಪಂಚರ್ ಅಣ್ಣನಿಗೆ ಆದದ್ದು. ದೊಡ್ಡಪ್ಪನ ಮಗ. ಟಯರ್ ಅಂಗಡಿ ಇಟ್ಟಿದ್ದಕ್ಕೆ ಊರೆಲ್ಲಾ ಪಂಚರ್ ಅಂತ ಕರೀತಿತ್ತು, ನಾವೂ ಹಾಗೇ ಕರೀತಿದ್ವಿ. ಒಂದು ರಾತ್ರಿ ಅಂಗಡಿ ಮುಚ್ಚಿ ನಡ್ಕೊಂಡು ಬರ್ತಿದ್ದ. ನಮ್ಮ ಬೀದಿ ಶುರುವಾಗೋ ಕಡೆ ಒಂದು ಆಲದ ಮರ, ಅದರ ಪಕ್ಕ ಯಾರೂ ನೀರು ಸೇದದ ಹಾಳು ಬಾವಿ. ಮರದ ಕೆಳಗೆ ಕಾರಿಗೆ ಸಿಕ್ಕಿಸಿ ಎಳೆಯೋ ಅವನ ಗಾಲಿಮನೆ ನಿಂತಿತ್ತು. ಇಕ್ಕಟ್ಟು ಬೀದಿ, ಒಳಗೆ ತಿರುಗೋದಿಲ್ಲ ಅಂತ ಯಾವಾಗ್ಲೂ ಅಲ್ಲೇ ನಿಲ್ಲಿಸ್ತಿದ್ದ.

ಗಾಳಿ ಇರ್ಲಿಲ್ಲ. ಒಂದೆಲೆ ಅಲ್ಲಾಡ್ತಿರ್ಲಿಲ್ಲ. ಅವನು ಮರ ದಾಟಿದ...

ಟಿಕ್.

ನಿಂತ.

ಟಿಕ್... ಟಿಕ್.

ದಿನಾ ಕಬ್ಬಿಣದ ಜೊತೆ ಬದುಕೋ ಮನುಷ್ಯ ಅವನು. ಬಿಸಿಲಿಗೆ ಕಾದ ತಗಡು ರಾತ್ರಿ ಆರುವಾಗ ಚಟ್ ಅನ್ನುತ್ತೆ, ಅದು ಅವನಿಗೆ ಗೊತ್ತು. ಇಲಿ ಕೆರೆಯೋದೂ ಗೊತ್ತು. ಇದು ಅದಲ್ಲ. ಉಂಗುರ ಹಾಕ್ಕೊಂಡಿರೋ ಬೆರಳು ಮಡಿಸಿ ತಗಡು ತಟ್ಟಿದ್ರೆ ಬರುತ್ತಲ್ಲ... ಆ ಶಬ್ದ. ಅದೂ ಒಳಗಿಂದ.

ಟಾರ್ಚ್ ಬಿಟ್ಟು ನೋಡಿದ. ಬಾಗಿಲ ಹೊರಗಿನ ಚಿಲಕ ತೆಗೆದಿತ್ತು. ಬೆಳಿಗ್ಗೆ ಅವನೇ ಕೈಯಾರೆ ಹಾಕಿ ಹೋಗಿದ್ದ ಚಿಲಕ. ಬಾಗಿಲು ಎಳೆದ... ಒಳಗೆ ಯಾರೂ ಇಲ್ಲ. ಹಾಸಿಗೆ ಹಾಸಿದ್ದು ಹಾಸಿದ ಹಾಗೇ ಇದೆ. ಆದ್ರೆ ಹೊರಗೆ ಅಷ್ಟು ತಂಪಿರೋವಾಗ ಒಳಗಿಂದ ಮುಖಕ್ಕೆ ರಾಚಿದ ಗಾಳಿ ಮಟಮಟ ಮಧ್ಯಾಹ್ನದ ಗಾಳಿ.

ಮನೆಗೆ ಬಂದವನನ್ನ ನೋಡಿ ಅತ್ತಿಗೆ ಎದ್ದು ಕೂತ್ಲು. ಮಗು ಮಲಗಿತ್ತು, ಅದಕ್ಕೇ ಪಿಸುಮಾತು.

"ಯಾಕ್ರೀ ಹೀಗೆ ಬೆವೆತಿದ್ದೀರಾ?"

"ಗಾಲಿಮನೇಲಿ ಯಾರೋ ಇದ್ದಾರೆ ಕಣೆ."

"ಯಾರು?"

"ಯಾರೂ ಇಲ್ಲ."

ಅತ್ತಿಗೆ ಮಗುವಿನ ಹೊದಿಕೆ ಎಳೆದು ಸರಿಮಾಡಿದ್ಲು. ಆಮೇಲೆ ಕೇಳಿದ್ಲು, "ಆ ಅಜ್ಜಿ ಅಲ್ವಾ?"

ಅವತ್ತು ರಾತ್ರಿ ಆ ಮನೆಯಲ್ಲಿ ದೀಪ ಆರಿಸ್ಲಿಲ್ಲ.

ಯಾವ ಅಜ್ಜಿ ಅಂತ ಹೇಳ್ತೀನಿ, ಆತುರ ಬೇಡ. ಗಾಲಿಮನೆ ಅಂದ್ರೆ ಕ್ಯಾಂಪರ್ ಟ್ರೈಲರ್. ಕಾರಿನ ಹಿಂದೆ ಸಿಕ್ಕಿಸಿ ಎಳ್ಕೊಂಡು ಹೋಗೋ ಪುಟ್ಟ ಮನೆ. ಮೇಲೊಂದು ಕೆಳಗೊಂದು ಹಾಸಿಗೆ, ಒಂದು ಒಲೆ, ಕೈ ತೊಳೆಯೋಕೆ ನಲ್ಲಿ. ಗುಜರಿಗೆ ಬಿದ್ದಿದ್ದನ್ನ ತಂದು ಅಣ್ಣನೇ ರಿಪೇರಿ ಮಾಡಿದ್ದ. ಪ್ರವಾಸ ಹೋಗೋರಿಗೆ ಬಾಡಿಗೆಗೆ ಕೊಡ್ತಿದ್ದ. ಪ್ರತಿಸಲ ವಾಪಸ್ ಬಂದ ಮೇಲೆ ಗುಡಿಸಿ, ಒರೆಸಿ, ಚಾದರ ಬದಲಾಯಿಸೋದು ನನ್ನ ಕೆಲಸ. ಅದಕ್ಕೇ ಹೇಳ್ತಿರೋದು, ಇದು ಅವರಿವರಿಂದ ಕೇಳಿದ ಕತೆ ಅಲ್ಲ.

ಅದರ ಬಾಗಿಲ ಬೀಗ ಮೊದಲಿಂದ್ಲೂ ಸಡಿಲ. ಒಂದ್ಸಲ ರಸ್ತೆ ಉಬ್ಬು ಹತ್ತುವಾಗ ಬಾಗಿಲು ತೆರ್ಕೊಂಡು ಹಾಸಿಗೆ ನಡುರಸ್ತೆಗೆ ಬಿತ್ತಂತೆ. ಹಿಂದೆ ಬರ್ತಿದ್ದ ಲಾರಿಯವನು "ಮಲ್ಕೊಳ್ಳೋಕೆ ಇದೇ ಜಾಗ ಸಿಕ್ತಾ?" ಅಂತ ಕೇಳಿದ್ನಂತೆ. ಎಲ್ಲರೂ ನಕ್ಕರು. ನಕ್ಕಿದ್ದೇ ತಪ್ಪಾಯ್ತು. ಅಣ್ಣನಿಗೆ ಅವಮಾನ ಆಯ್ತು. ಆ ಬೀಗ, ಒಳಗಿನ ಹಿಡಿಕೆ ಎರಡನ್ನೂ ಕಿತ್ತು ತೂತಿಗೆ ತಗಡು ಬಡಿದ. ಹೊರಗಡೆ ದನದ ಕೊಟ್ಟಿಗೆಗೆ ಹಾಕೋ ಅಂಥ ಉದ್ದನೆ ಚಿಲಕ ಕೂರಿಸಿದ. ರಾತ್ರಿ ಒಳಗೆ ಮಲಗೋರಿಗೆ ಅಂತ ಒಂದು ಕೊಕ್ಕೆ ಇಟ್ಟ, ಅಷ್ಟೆ. ಹೊರಗಿಂದ ಚಿಲಕ ಬಿದ್ರೆ ಒಳಗಿರೋರು ಏನು ಮಾಡಿದ್ರೂ ತೆಗೆಯೋಕಾಗಲ್ಲ.

"ಓಡ್ತಿರೋವಾಗ ಒಳಗೆ ಯಾರು ಇರ್ತಾರೆ? ಯಾರೂ ಇರಬಾರದು ಅಂತ ಬಾಯಿಬಿಟ್ಟು ಹೇಳ್ತೀನಲ್ಲ," ಅಂತಿದ್ದ. ಹೇಳ್ತಿದ್ದದ್ದೂ ನಿಜ. ಬಾಡಿಗೆಗೆ ಬಂದೋರಿಗೆ ಒಲೆ ತೋರಿಸ್ತಿದ್ದ, ನಲ್ಲಿ ತೋರಿಸ್ತಿದ್ದ. ಕೊನೆಗೆ ಒಂದ್ಸಲ ಒಳಗೆ ಇಣುಕಿ ನೋಡಿ, ಚಿಲಕ ಹಾಕಿ, ಜಗ್ಗಿ ನೋಡಿ, ಅಂಗೈಯಲ್ಲಿ ಬಾಗಿಲಿಗೆ ಎರಡೇಟು ಹೊಡೆದು "ಹೊರಡಿ!" ಅಂತಿದ್ದ. ಅದು ಅವನ ಪದ್ಧತಿ.

ಒಬ್ಬ ಟೈಲರ್ ಬಾಡಿಗೆಗೆ ತಗೊಂಡ. ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ. ಕಾರಲ್ಲಿ ಒಬ್ಬರ ಮೇಲೊಬ್ಬರು. ಅಜ್ಜಿಗೆ ಮಂಡಿ ನೋವು. ದಾರೀಲಿ ಚಹಾ ಕುಡಿಯೋಕೆ ನಿಲ್ಲಿಸಿದಾಗ "ನಾನು ಹಿಂದೆ ಕಾಲು ಚಾಚ್ಕೊಂಡು ಮಲಗ್ತೀನಿ ಕಣಪ್ಪ," ಅಂದ್ರಂತೆ. ಮಗ ಮಲಗಿಸಿದ. ಅಣ್ಣ ತೋರಿಸಿಕೊಟ್ಟ ಹಾಗೇ ಚಿಲಕ ಹಾಕಿ ಜಗ್ಗಿ ನೋಡಿದ. ಧೂಳು ಬರುತ್ತೆ ಅಂತ ಕಿಟಕಿ ಮೊದಲೇ ಮುಚ್ಚಿತ್ತು. ಮೇಲೆ ಸುಡೋ ಬಿಸಿಲು.

ಸಂಜೆ ತೆಗೆದು ನೋಡಿದ್ರೆ... ಅಜ್ಜಿ ಬಾಗಿಲ ಹತ್ತಿರ ನೆಲದ ಮೇಲೆ ಇದ್ರು.

ಆ ಟೈಲರ್ ಗಾಲಿಮನೆ ವಾಪಸ್ ಕೊಡೋಕೆ ಬಂದಾಗ ನಾನೂ ಇದ್ದೆ. ಅಣ್ಣನ್ನ ಒಂದು ಮಾತು ಬೈಲಿಲ್ಲ ಆ ಮನುಷ್ಯ. "ಕಾರಲ್ಲಿ ಹಾಡು ಹಾಕಿದ್ವಿ," ಅಂದ. "ನಮಗೆ ಕೇಳಿಸ್ಲಿಲ್ಲ." ಅದನ್ನೇ ಮತ್ತೆ ಮತ್ತೆ ಹೇಳಿ ಹೊರಟುಹೋದ. ಒಳಗೆ ಒರೆಸೋಕೆ ಹೋದ್ರೆ, ಬಾಗಿಲ ಪಕ್ಕದ ತಗಡಿನಲ್ಲಿ, ಕೂತೋರ ಕೈ ಎಟುಕೋ ಎತ್ತರಕ್ಕೆ, ಸಣ್ಣ ಸಣ್ಣ ಕುಳಿ. ಸಾಸಿವೆಕಾಳು ಒತ್ತಿದ ಹಾಗೆ, ಒತ್ತೊತ್ತಾಗಿ. ಅಜ್ಜಿ ಕೈಯಲ್ಲಿ ದಪ್ಪ ತಾಮ್ರದ ಉಂಗುರ ಇತ್ತು, ಹೊರಡೋ ದಿನ ನಾನೇ ನೋಡಿದ್ದೆ.

"ಆ ಚಿಲಕ ಕಿತ್ತಾಕಣ್ಣ," ಅಂದೆ. ಅತ್ತಿಗೆ ಕಾಲು ಹಿಡಿಯೋದೊಂದು ಬಾಕಿ. ಅವನು ಕೇಳಬೇಕಲ್ಲ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಚಿಲಕ ಏನು ಮಾಡ್ತು? ನಾನು ಮಲಗಿ ಅಂದಿದ್ನಾ?" ಅಂತ ರೇಗಿದ. ಒಳಗೊಳಗೇ ಅವನಿಗೂ ಕೊರೀತಿತ್ತು ಅಂತ ಈಗ ಅನ್ಸುತ್ತೆ. ಚಿಲಕ ಕಿತ್ರೆ ತಪ್ಪು ತನ್ನದೇ ಅಂತ ಒಪ್ಪಿಕೊಂಡ ಹಾಗಲ್ವಾ?

ಇದಾದ ಮೇಲೇ ಮರದ ಕೆಳಗೆ ಆ ಶಬ್ದ ಶುರುವಾಗಿದ್ದು. ರಾತ್ರಿ ಹಾಕಿದ ಚಿಲಕ ಬೆಳಿಗ್ಗೆ ತೆಗೆದಿರ್ತಿತ್ತು. ಅಣ್ಣ ಆ ಕಡೆ ತಲೆ ಎತ್ತಿ ನೋಡೋದನ್ನೇ ಬಿಟ್ಟ. ಇನ್ನೊಂದನ್ನೂ ಬಿಟ್ಟ... ಚಿಲಕ ಹಾಕೋ ಮುಂಚೆ ಒಳಗೆ ಇಣುಕಿ ನೋಡೋದು. ಭಯ. ಕತ್ತಲ ಮೂಲೇಲಿ ಏನಾದ್ರೂ ಕೂತಿದ್ರೆ ಅಂತ.

ಅವನಿಗೆ ಒಬ್ಬಳೇ ಮಗಳು. ಗುಬ್ಬಿ ಅಂತ ಕರೀತಿದ್ವಿ. ಇನ್ನೂ ಶಾಲೆಗೆ ಸೇರಿರ್ಲಿಲ್ಲ. ನಿಂತಲ್ಲಿ ನಿಲ್ಲೋಳಲ್ಲ, ಗಾಲಿಮನೆ ಅಂದ್ರೆ ಅವಳಿಗೆ ಗೊಂಬೆಮನೆ.

ಒಂದು ಬೆಳಿಗ್ಗೆ ಫೋಟೋ ತೆಗೆಯೋನೊಬ್ಬ ಹೆಂಡತಿ ಜೊತೆ ಬಂದ. ಹೊಸದಾಗಿ ಮದುವೆ ಆದೋರು. ಅಣ್ಣ ಅವರಿಗೆ ಮುಂದುಗಡೆ ಕೊಂಡಿ ಸಿಕ್ಕಿಸೋದು ತೋರಿಸ್ತಿದ್ದ. ಆಗಲೇ ಗುಬ್ಬಿ ತನ್ನ ಗೊಂಬೆ ತರೋಕೆ ಹಿಂದಿನ ಬಾಗಿಲಿಂದ ಒಳಗೆ ಹೋದದ್ದು. ಮೇಲಿನ ಹಾಸಿಗೆ ಹತ್ತಿದ್ಲು. ಮೆತ್ತಗಿದ್ದ ಚಾದರಕ್ಕೆ ಹಾಗೇ ನಿದ್ದೆ ಹತ್ತಿತು.

ಅಣ್ಣ ಬಂದ. ಇಣುಕ್ಲಿಲ್ಲ. ಚಿಲಕ ಎಳೆದ. ಕಿರ್‌ರ್... ಠಪ್.

ಟಿಕ್.

ಹಗಲು ಹೊತ್ತಿನಲ್ಲಿ ಅವನಿಗೆ ಅದು ಕೇಳಿಸಿದ್ದು ಅದೇ ಮೊದಲು.

ಟಿಕ್. ಟಿಕ್. ಟಿಕ್. ಟಿಕ್.

ಯಾವತ್ತೂ ಇಷ್ಟು ಅವಸರ ಅದಕ್ಕೆ ಇರ್ಲಿಲ್ಲ. ಅಜ್ಜಿ ಕಾಟ ಕೊಡ್ತಿದ್ದಾಳೆ, ಬಂದೋರ ಕಿವಿಗೆ ಬಿದ್ರೆ ಇನ್ಮೇಲೆ ಯಾರೂ ಗಾಲಿಮನೆ ಮುಟ್ಟಲ್ಲ... ಇಷ್ಟೇ ಅವನ ತಲೇಲಿ ಬಂದದ್ದು. ಶಬ್ದ ಮುಚ್ಚಿಹೋಗ್ಲಿ ಅಂತ ಬಾಗಿಲಿಗೆ ಜೋರಾಗಿ ಎರಡೇಟು ಹೊಡೆದ.

"ಹೊರಡಿ!"

ಮಗು ಕಾಣ್ತಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಬಿಸಿಲು ಏರಿತ್ತು. ಎಲ್ಲರೂ ಮೊದಲು ಓಡಿದ್ದು ಬಾವಿಗೆ. ಹಗ್ಗ ಇಳಿಸಿದ್ರು, ಹಗ್ಗದ ತುದೀಲಿ ಕೊಕ್ಕೆ. ನೀರು ಗುಳುಗುಳು ಅನ್ನೋದು, ಕೊಕ್ಕೆ ಕಲ್ಲಿಗೆ ತಾಗಿ ಖಣ್ ಅನ್ನೋದು. ಅತ್ತಿಗೆ ಅಳ್ತಾನೂ ಇರ್ಲಿಲ್ಲ, ಬಾವಿಕಟ್ಟೆ ಹಿಡ್ಕೊಂಡು ನಿಂತಿದ್ಲು. ಕೊನೆಗೆ ಅಣ್ಣನ ಕಡೆ ತಿರುಗಿದ್ಲು.

"ರೀ... ಒಳಗೆ ನೋಡಿದ್ರಾ?"

ಅವನ ಮುಖ ನೋಡೋಕೆ ನನ್ನಿಂದ ಆಗ್ಲಿಲ್ಲ. ಫೋನ್ ತೆಗೆದ, ಬೀಳಿಸಿದ. ನಾನು ಎತ್ತಿ ಫೋಟೋದವನಿಗೆ ಮಾಡಿದೆ. ರಿಂಗ್ ಆಗ್ತಿದೆ... ಯಾರೂ ಎತ್ತಲ್ಲ. ಮತ್ತೆ ಮಾಡಿದೆ. ಎತ್ತಲ್ಲ. ಅವರೂ ಹಾಡು ಹಾಕಿರ್ತಾರೆ ಅಂತ ಆಗ ಹೊಳೀತು. ಅಣ್ಣ ಬೈಕ್ ಹತ್ತಿ ಹೋದ, ಚಪ್ಪಲಿ ಕೂಡ ಹಾಕದೆ.

ಅವರು ನಿಜವಾಗ್ಲೂ ಹಾಡು ಹಾಕಿದ್ರು. ಕಾರಿನ ಗಾಜೆಲ್ಲಾ ಏರಿಸಿದ್ರು. ಹಿಂದೆ ಬರೋ ಗಾಲಿಮನೇಲಿ ಯಾರು ಬಡ್ಕೊಂಡ್ರೂ ಕೇಳೋ ಹಾಗಿರ್ಲಿಲ್ಲ. ಆ ಹುಡುಗಿ, ಫೋಟೋದವನ ಹೆಂಡತಿ, ಆಮೇಲೆ ನನ್ನ ಕೈ ಹಿಡ್ಕೊಂಡು ಹೇಳಿದ್ದಿದು.

"ಶಬ್ದ ಗಾಲಿಮನೆಯಿಂದ ಬರ್ಲಿಲ್ಲ ಅಕ್ಕಾ. ನಮ್ಮ ಕಾರೊಳಗೇ ಬಂತು. ಹಿಂದಿನ ಸೀಟಲ್ಲಿ ಯಾರೋ ಕೂತ್ಕೊಂಡು ಗಾಜು ತಟ್ಟಿದ ಹಾಗೆ. ಟಿಕ್, ಟಿಕ್ ಅಂತ. ಹಾಡು ನಿಲ್ಲಿಸಿದೆ. ನಿಲ್ಲಿಸಿದ ಮೇಲೂ ಬಂತು."

ಕಾರು ನಿಲ್ಲಿಸಿದ್ರು. ಹೆದರಿಕೊಂಡೇ ಹಿಂದಕ್ಕೆ ಹೋಗಿ ಚಿಲಕ ಮುಟ್ಟಿದ್ರೆ ಕೈ ಚುರ್ ಅಂತು, ಅಷ್ಟು ಕಾದಿತ್ತು. ಒಳಗೆ ಬೆಂಕಿ. ಗುಬ್ಬಿ ಕೆಳಗಿನ ಹಾಸಿಗೆ ಮೇಲೆ ಅಂಗಾತ ಮಲಗಿದ್ಲು. ತುಟಿ ಒಡೆದಿತ್ತು, ಕರೆದ್ರೆ ಕಣ್ಣು ಬಿಡ್ಲಿಲ್ಲ. ಉಸಿರು ಮಾತ್ರ ಇತ್ತು. ಅವರೇ ಎತ್ಕೊಂಡು ಆಸ್ಪತ್ರೆಗೆ ಓಡಿ ನಮಗೆ ಫೋನ್ ಮಾಡಿದ್ರು.

ಆಸ್ಪತ್ರೇಲಿ ಡಾಕ್ಟರಮ್ಮ ಅಣ್ಣನಿಗೆ ಹೇಳಿದ್ರು, "ಈ ಬಿಸಿಗೆ ಮಗು ಉಳಿಯೋ ಹಾಗಿರ್ಲಿಲ್ಲ. ಯಾರೋ ತಲೆಗೆ ತಣ್ಣೀರು ಬಟ್ಟೆ ಇಟ್ಟಿದ್ದೀರಲ್ಲ, ಅದೇ ಕಾಪಾಡ್ತು."

ಯಾರೂ ಬಟ್ಟೆ ಇಟ್ಟಿರ್ಲಿಲ್ಲ. ಆ ದಂಪತಿ ಹತ್ತಿರ ತಣ್ಣೀರೇ ಇರ್ಲಿಲ್ಲ.

ಮಾರನೇ ದಿನ ಗುಬ್ಬಿ ಮಾತಾಡಿದ್ಲು. ಅಣ್ಣ, ಅತ್ತಿಗೆ, ನಾನು ಮೂರೇ ಜನ ಇದ್ವಿ.

"ಅಜ್ಜಿ ನನ್ನ ಕೆಳಗೆ ಇಳಿಸಿದ್ರು," ಅಂದ್ಲು. "ಹಣೆ ಮೇಲೆ ಕೈ ಇಟ್ರು. ತಣ್ಣಗಿತ್ತು."

ಅತ್ತಿಗೆ ಕೇಳಿದ್ಲು, "ಏನಾದ್ರೂ ಹೇಳಿದ್ರಾ ಕಂದಾ?"

"ಬಾಗಿಲು ಹಾಕಿದ್ದು ಯಾರು ಅಂತ ಕೇಳಿದ್ರು."

"ನೀನೇನಂದೆ?"

"ಅಪ್ಪ ಅಂದೆ."

ಅಣ್ಣ ಗೋಡೆಗೆ ಒರಗಿಬಿಟ್ಟ.

"ಅದಕ್ಕೆ... ಅಜ್ಜಿ ಏನಂದ್ರು?"

"ಏನೂ ಅನ್ಲಿಲ್ಲ. ಕೈ ಮಾತ್ರ ತೆಗೀಲೇ ಇಲ್ಲ."

ಅವತ್ತೇ ಹೋಗಿ ಅಣ್ಣ, ಫೋಟೋದವನು ಮರದ ಕೆಳಗೆ ತಂದು ಬಿಟ್ಟಿದ್ದ ಗಾಲಿಮನೆ ಬಾಗಿಲನ್ನ ಚಿಲಕದ ಸಮೇತ ಕಿತ್ತು ಬಾವಿಗೆ ಹಾಕಿದ. ಬಾಗಿಲು ಹೋದ ಮೇಲೆ ಆ ಶಬ್ದ ಮತ್ತೆ ಯಾರಿಗೂ ಕೇಳಿಲ್ಲ. ಆಲದ ಮರದ ಕೆಳಗೆ ಗಾಲಿಮನೆ ಇನ್ನೂ ಇದೆ, ಹಗಲು ಹೋಗಿ ನೋಡಿ, ಆ ಕುಳಿಗಳೂ ಇವೆ. ಫೋಟೋದವನ ಕಾರಿನ ಹಿಂದಿನ ಗಾಜಲ್ಲೂ ಒಂದು ಬಿದ್ದಿತ್ತು, ಸಾಸಿವೆಯಷ್ಟು, ಒಳಗಡೆಯಿಂದ. ಅಣ್ಣ ಈಗ ಯಾವ ಬಾಗಿಲನ್ನೂ ಮುಚ್ಚೋದಿಲ್ಲ. ಅಂಗಡೀದೂ ಇಲ್ಲ, ಮನೇದೂ ಇಲ್ಲ. ಕಳ್ಳರು ಎರಡು ಸಲ ಬಂದು ಹೋದ್ರು. ಆದ್ರೂ ಮುಚ್ಚಲ್ಲ.

ಕಟ್ಟುಕತೆ ಅಂತೀರಾ? ಅನ್ನಿ. ನನಗೇನು ಸುಳ್ಳು ಹೇಳಿ ಗಂಟು ಸಿಗಬೇಕಾ? ಬಾಗಿಲ ಹತ್ತಿರ ಮಲಗಿದ್ದಾಳಲ್ಲ, ಅವಳೇ ಗುಬ್ಬಿ. ಇಷ್ಟು ದೊಡ್ಡೋಳಾದ್ರೂ ಮುಚ್ಚಿದ ಕೋಣೇಲಿ ಮಲಗಲ್ಲ. ಎದ್ದು ಹೋಗಿ, ಎಚ್ಚರ ಮಾಡದೆ, ಅವಳ ಕೆನ್ನೆ ಮುಟ್ಟಿ. ನಿನ್ನೆಯಿಂದ ಜ್ವರ, ಸುಡ್ತಿರುತ್ತೆ.

ಆಮೇಲೆ ಹಣೆ ಮುಟ್ಟಿ. ಅಂಗೈ ಅಗಲ ಜಾಗ... ತಣ್ಣಗಿದೆ.